ಸೌಟಿನ ಕೆಳಗೆ ಆಡಿದ ಮಾತು

ನಮ್ಮೂರಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರು ಹೊಸ ಮುಖ ಕಂಡರೆ ಟಿಕೆಟ್ ಹರಿದು ಕೊಡುವಾಗಲೇ ಒಂದು ಮಾತು ಹೇಳಿಬಿಡುತ್ತಾನೆ. "ಸ್ವಾಮಿ, ಯಾರ ಮನೇಲಾದ್ರೂ ಉಣ್ಣಿ, ಎಷ್ಟಾದ್ರೂ ಉಣ್ಣಿ. ಸೌಟು ನಿಮ್ಮ ತಟ್ಟೆ ಮೇಲೆ ಇರುವಾಗ 'ಸಾಕು' ಅಂತ ಮಾತ್ರ ಅನ್ಬೇಡಿ." ಹೊಸಬರು ನಗುತ್ತಾರೆ. ನಕ್ಕವರು ಯಾರದೋ ಮದುವೆಯಲ್ಲಿ ಅಭ್ಯಾಸಬಲದಿಂದ ಪಾಯಸಕ್ಕೆ ಆ ಮಾತು ಅಂದುಬಿಟ್ಟು, ಮುಂದಿನ ಗುಟುಕಿಗೆ ಮುಖ ಪೆಚ್ಚು ಮಾಡಿಕೊಂಡು ಕೂರುತ್ತಾರೆ. ಅಂದ ಪದಾರ್ಥ ಅಂದವರನ್ನು ಬಿಟ್ಟು ಹೋಗುತ್ತದೆ, ಅಷ್ಟೆ. ಅದರ ರುಚಿ ಹೋಗುತ್ತದೆ, ವಾಸನೆ ಹೋಗುತ್ತದೆ, ಬಾಯಿಗಿಟ್ಟರೆ ನೆಂದ ಗೋಣಿಚೀಲ ಅಗಿದಂತೆ. ಮತ್ತೆ ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. ಹೀಗೇಕೆ ಎಂದು ಕೇಳಬೇಡಿ. ನಿಮ್ಮೂರಿನಲ್ಲಿ ಯಾಕೆ ಹಾಗಿಲ್ಲ ಎಂದು ನಾವು ಕೇಳುತ್ತೇವೆಯೆ?

ಹಾಗಾಗಿ ನಮ್ಮ ಮಕ್ಕಳಿಗೆ ಅಪ್ಪ ಅಮ್ಮ ಎನ್ನುವುದರ ಹಿಂದೆಯೇ ತಟ್ಟೆಗೆ ಎರಡು ಕೈ ಅಡ್ಡ ಹಿಡಿದು "ತುಂಬ್ತು" ಎನ್ನುವುದನ್ನು ಕಲಿಸುತ್ತೇವೆ. ನನ್ನ ಸೋದರಮಾವ ಕಾಳೇಗೌಡ ಹೆಂಡತಿಯ ಜತೆ ಮುನಿಸಿಕೊಂಡು ಮುದ್ದೆಗೆ ಆ ಮಾತಂದು, ಅಂದಿನಿಂದ ಬರೀ ಅನ್ನ ತಿಂದುಕೊಂಡಿದ್ದಾನೆ. ನೆಂಟರು ಅವನನ್ನು ಹೆಂಡತಿ ಸತ್ತವನನ್ನು ನೋಡುವಂತೆ ನೋಡುತ್ತಾರೆ, ಹೆಂಡತಿಯೋ ಕಲ್ಲುಗುಂಡಿನ ಹಾಗಿದ್ದಾಳೆ. ಕುಡುಕರ ಹೆಂಡತಿಯರು ಲೋಟವನ್ನೂ ಸೌಟನ್ನೂ ಗಂಡಂದಿರ ಮುಂದೆ ಹಿಡಿದು "ಒಂದ್ಸಲ ಅಂದ್ಬುಡಿ, ನಿಮ್ ಕಾಲಿಗ್ ಬೀಳ್ತೀನಿ" ಎಂದು ಗೋಗರೆಯುವುದುಂಟು. ಹಾಗೆ ಸಾರಾಯಿಗೆ ಅಂದ ಮಹಾನುಭಾವನೊಬ್ಬ ಮಾರನೆಯ ದಿನವೇ ಹೆಂಡಕ್ಕೆ ತಿರುಗಿಕೊಂಡ.

ನಮ್ಮದು ಬಾಡಿನ ಮನೆ. ಅತ್ತೆ ಮಂಚಮ್ಮನವರ ಬಾಯಲ್ಲಿ ಹಲ್ಲು ಉಳಿದಿಲ್ಲ, ಆದರೂ ತಲೆಮಾಂಸ ಎಂದರೆ ಹಾಸಿಗೆಯಿಂದ ಎದ್ದು ಬರುತ್ತಾರೆ. ನಮ್ಮ ಯಜಮಾನರು ಲಾರಿಗಳಿಗೆ ಟಾರ್ಪಾಲು ಹೊಲಿಯುವವರು. ಹೆಸರು ಜವರಪ್ಪ, ಇಲ್ಲಿ ಹೇಳಿದರೆ ಅಡ್ಡಿಯಿಲ್ಲ. ಭಾನುವಾರ ಲಾರಿ ಸ್ಟ್ಯಾಂಡಿನಿಂದ ಬರುವಾಗ ಬೀದಿ ತಿರುವಿನಲ್ಲೇ ಮೂಗು ಅರಳಿಸಿ, "ಹೊಂಬಾಳೆ, ಇವತ್ತು ತೊಡೆ ಕಡೇದು ಕಣೇ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ತಪ್ಪಿದ್ದೇ ಇಲ್ಲ. ನಲ್ಲಿ ಮೂಳೆಯನ್ನು ತಟ್ಟೆಯ ಅಂಚಿಗೆ ಟಕಟಕ ಕುಟ್ಟಿ, ಕಣ್ಣು ಮುಚ್ಚಿ ಹೀರುತ್ತಿದ್ದರು. ನಾನು ಸೌಟು ಹಿಡಿದು ನಿಂತು ನೋಡುತ್ತಿದ್ದೆ. ನನ್ನ ಬದುಕಿನ ಸುಖ ಯಾವುದು ಎಂದು ಯಾರಾದರೂ ಕೇಳಿದರೆ, ನಾಚಿಕೆ ಬಿಟ್ಟು ಅದನ್ನೇ ಹೇಳುತ್ತೇನೆ.

ನಮ್ಮಿಬ್ಬರ ನಡುವೆ ಮಾತು ಕಡಿಮೆ. ವಾರವೆಲ್ಲ ಉಳಿದ ಮಾತನ್ನು ನಾನು ಭಾನುವಾರದ ಸಾರಿನಲ್ಲಿ ಆಡುತ್ತಿದ್ದೆ. ಕೋಪವಿದ್ದರೆ ಮೆಣಸು ಮುಂದು, ಸಮಾಧಾನವಿದ್ದರೆ ಕಾಯಿ ಮುಂದು. ಅವರಿಗೆ ಅದು ಓದಲು ಬರುತ್ತಿತ್ತು. ಖಾರ ಹತ್ತಿ ಕಣ್ಣಲ್ಲಿ ನೀರು ಬಂದರೆ, "ಆಯ್ತು ಬುಡೆ, ನಾಳೆ ಸೂರು ಕಟ್ಟುಸ್ತೀನಿ" ಅನ್ನುತ್ತಿದ್ದರು. ಒಂದೇ ಒಂದು ವಿಷಯ ಮಾತ್ರ ಸಾರಿಗೂ ಹಾಕಿರಲಿಲ್ಲ, ಬಾಯಿಗೂ ತಂದಿರಲಿಲ್ಲ. ಎರಡು ಸಲ ನನ್ನ ಮಡಿಲು ತುಂಬುವ ಹಾಗೆ ಆಗಿ ಎರಡು ಸಲವೂ ನಿಲ್ಲಲಿಲ್ಲ. ಆಮೇಲೆ ಆ ಮಾತನ್ನು ಇಬ್ಬರೂ ಸೇರಿ ಮಡಚಿ ಅಟ್ಟಕ್ಕೆ ಹಾಕಿದೆವು. ಅಟ್ಟದ ಕಡೆ ಇಬ್ಬರೂ ತಲೆಯೆತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ಸಲ ಅವರು ಬೇರೆ ಊರಿಗೆ ಟಾರ್ಪಾಲು ಕೊಡಲು ಹೋಗಿ ಬಂದರು. ಬಂದವರು ಮಂಕಾಗಿದ್ದರು. ಮಾರನೆಯ ದಿನ ಭಾನುವಾರ. ಒಂದು ಸಲ ಬಡಿಸಿದೆ, ಉಂಡರು. ಎರಡನೆಯ ಸಲ ಸೌಟು ಎತ್ತಿ ತಟ್ಟೆಯ ಮೇಲೆ ತಂದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡರು. "ಸಾಕು" ಅಂದರು.

ಸೌಟು ಅಲ್ಲೇ ನಿಂತಿತು. ಅತ್ತೆ ಎದೆ ಎದೆ ಬಡಿದುಕೊಂಡು, "ಅಯ್ಯಯ್ಯೋ, ಏನಂದ್ಬುಟ್ಯೋ! ಉಗಿ, ಉಗಿಯೋ!" ಎಂದು ಕೂಗಿಕೊಂಡರು. ಉಗಿದರೆ ಹೋಗುವ ಮಾತೇ ಅದು? ಅವರು ಬಾಯಲ್ಲಿದ್ದ ತುಂಡನ್ನು ಒಂದು ಸಲ ಅಗಿದು, ಮೆಲ್ಲಗೆ ಕೈಗೆ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು. "ನಾನು ಹೊಲಿಯೋ ಮಾಲೇ ತಿಂದಂಗಾಯ್ತು" ಎಂದು ನಗಲು ನೋಡಿದರು. ಯಾರೂ ನಗಲಿಲ್ಲ.

ಹೋದದ್ದು ಕುರಿಯೊಂದೇ ಇರಬಹುದು, ಕೋಳಿ ಉಳಿದಿರಬಹುದು ಎಂದು ಅತ್ತೆಗೆ ಆಸೆ. ಕೋಳಿ ಕುಯ್ಯಿಸಿದರು, ಅದೂ ಗೋಣಿ. ಕೆರೆ ಮೀನು ತರಿಸಿದರು, ಅದೂ ಗೋಣಿ. ಮೊಟ್ಟೆ ಪಾಪ ಕೆಲವು ದಿನ ಜತೆಗಿದ್ದು, ಆಮೇಲೆ ಅದೂ ತನ್ನವರನ್ನು ಹುಡುಕಿಕೊಂಡು ಹೋಯಿತು. ಬೀದಿಯವರಿಗೆ ಹಬ್ಬ. "ಏನ್ ಜವರಪ್ಪ, ಸಾಮಿ ಆಗ್ಬುಟ್ಯಂತೆ? ಪಾದ ಎಲ್ಲಿ ತೊಳೀಬೇಕು ಹೇಳಪ್ಪ" ಎಂದು ಹೋಗುವವರು ಬರುವವರೆಲ್ಲ ಕೇಳುವುದು. ಅವರು ಕತ್ತು ಬಗ್ಗಿಸಿಕೊಂಡು ದಬ್ಬಳ ಎಳೆಯುತ್ತಿದ್ದರು.

ಮನೆಯಲ್ಲಿ ಎರಡು ಒಲೆಯಾಯಿತು, ಎರಡು ಸೌಟಾಯಿತು. ಬಾಡಿನ ಸೌಟನ್ನು ಅವರ ಪಾತ್ರೆಗೆ ಅದ್ದಿದರೆ ಆ ಸಾರೂ ಅವರಿಗೆ ಸಪ್ಪೆಯಾಗುತ್ತಿತ್ತು, ಹಾಗಾಗಿ ಬೇರೆ ಇಡಲೇಬೇಕು. ನನ್ನ ಕೈಗೆ ಸೊಪ್ಪಿನ ಅಡುಗೆ ಬರುತ್ತಿರಲಿಲ್ಲ ಎಂದಲ್ಲ, ಆದರೆ ಅದಕ್ಕೆ ಮನಸ್ಸು ಕೊಟ್ಟವಳಲ್ಲ. ಈಗ ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು ಹುಡುಕಿದೆ, ಬಸ್ಸಾರು ಮಾಡಿದೆ, ಉಪ್ಪೆಸರು ಮಾಡಿದೆ, ಅವರೆಕಾಳು ನೆನೆಹಾಕಿ ಹಿಸುಕಿ ಹಿಸುಕಿ ಬೆರಳು ಸುಲಿದುಕೊಂಡೆ. ಮೊದಲು ಎಲ್ಲದಕ್ಕೂ ಬಾಡಿನ ಮಸಾಲೆಯನ್ನೇ ಅರೆದು ಹಾಕುತ್ತಿದ್ದೆ. ಚಕ್ಕೆ ಲವಂಗ ಬಿದ್ದ ಸೊಪ್ಪಿನ ಸಾರು ಮದುವೆಮನೆಗೆ ಬಂದ ಬಡನೆಂಟನ ಹಾಗೆ ಕಾಣುತ್ತಿತ್ತು. ಅವರು ಒಂದು ಮಾತೂ ಆಡದೆ ಉಣ್ಣುತ್ತಿದ್ದರು. ಕೈ ಅಡ್ಡ ಹಿಡಿದು "ತುಂಬ್ತು" ಅನ್ನುತ್ತಿದ್ದರು, ಎಳೆಮಗುವಿನಷ್ಟು ಜೋಪಾನವಾಗಿ.

ಇದೆಲ್ಲ ತಡೆಯುತ್ತಿದ್ದೆ. ತಡೆಯಲಾಗದ್ದು ಭಾನುವಾರ. ಸಾರು ಕುದಿಯುವಾಗ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಅವರು ಬೀದಿಯ ತಿರುವಿನಲ್ಲಿ ಕಾಣಿಸುವರು, ನಡೆದು ಬರುವರು, ಕೂಗುವುದಿಲ್ಲ. ಮೂಗಿಗೆ ಏನೂ ತಾಗದವರು ಏನೆಂದು ಕೂಗಿಯಾರು? ಹೊಸ್ತಿಲಿಗೆ ಬಂದು, "ಇವತ್ತು ಯಾವ್ದು?" ಎಂದು ಕೇಳುವರು. ನಾನು "ತೊಡೆ ಕಡೇದು" ಅನ್ನುವೆ. "ಓಹೋ" ಅನ್ನುವರು. ಆ ಓಹೋ ಕೇಳಲಾರದೆ ನಾನು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಅತ್ತೆಗೆ ಮೂಳೆ ಕುಟ್ಟಲು ಕೈಲಾಗದೆ ತಟ್ಟೆಯಲ್ಲಿ ಆಡಿಸುತ್ತಿದ್ದರೆ, ಇವರು ತಗೊಂಡು ಟಕಟಕ ಕುಟ್ಟಿ ತಿರುಗಿ ಅವರ ಕೈಗೆ ಕೊಡುವರು. ಕೊಟ್ಟು ತಮ್ಮ ಬೆರಳನ್ನು ಒಂದು ಸಲ ನೆಕ್ಕುವರು, ಏನಾದರೂ ಬಂದೀತೇ ಎಂದು. ಬರುತ್ತಿರಲಿಲ್ಲ. ಅವರಿಗೆ ಬಾಡಿನ ಮೇಲೆ ಆಸೆ, ನನಗೆ ಅವರು ತಿನ್ನುವುದನ್ನು ನೋಡುವ ಆಸೆ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಹಸಿದುಕೊಂಡಿದ್ದೆವು.

ಯಾಕಂದಿರಿ ಎಂದು ಕೇಳಿದೆ. "ಬಾಯ್ತಪ್ಪಿ ಬಂತು ಕಣೆ" ಅಂದರು. ಈ ಊರಿನಲ್ಲಿ ಹುಟ್ಟಿದವರಿಗೆ ಬಾಯಿ ತಪ್ಪುತ್ತದೆಯೆ? ಸನ್ನಿ ಹಿಡಿದವರು ಕೂಡ ಗಂಜಿಗೆ ತುಂಬ್ತು ಅನ್ನುತ್ತಾರೆ ಇಲ್ಲಿ. ಅವರು ನನ್ನ ಮುಖ ನೋಡಿಕೊಂಡೇ ಅಂದದ್ದು. ರಾತ್ರಿ ಹಗಲು ಅದನ್ನೇ ಮಗುಚಿ ಮಗುಚಿ ನೋಡಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಇವರು ಹೆಂಡತಿಯ ಮೇಲಿನ ಬೇಸರವನ್ನು ಸಾರಿನ ಮೇಲೆ ತೀರಿಸಿಕೊಂಡರು ಎಂದು ತೀರ್ಮಾನ ಮಾಡಿದೆ. ಸಾಕಾಗಿದ್ದು ಸಾರಲ್ಲ, ನಾನು. ಬರಿದಾದ ಮಡಿಲಿನವಳ ಕೈಯೂಟ ಎಷ್ಟು ವರ್ಷ ಅಂತ ಉಂಡಾರು? ಹಾಗಂತ ನೆನೆದು ಬೇಳೆ ತೊಳೆಯುತ್ತಾ ಎಷ್ಟೋ ಸಲ ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಕೊನೆಗೊಂದು ಭಾನುವಾರ ಮಧ್ಯಾಹ್ನ ಮೂವರೂ ಉಣ್ಣಲು ಕೂತಿದ್ದೆವು. ಅವರ ಮುಂದೆ ಹುರುಳಿಕಾಳಿನ ಬಸ್ಸಾರು, ನಮ್ಮ ಮುಂದೆ ಬಾಡು. ಅವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿ, ಬಹಳ ದಿನದ ಮೇಲೆ ಬಾಯಿ ಬಿಟ್ಟು, "ಇದು ಬೋ ಪಸಂದಾಗದೆ ಕಣೆ" ಅಂದರು. ಒಳ್ಳೆಯ ಮಾತೇ. ಆದರೆ ನನಗೆ ಎಲ್ಲಿತ್ತೋ ಕೋಪ, ನೆತ್ತಿಗೇರಿತು. "ಓ, ಈಗ ಪಸಂದಾಯ್ತಾ? ನನ್ ಬಾಡು ಬ್ಯಾಡಾದೋರಿಗೆ ಹುರುಳಿಕಾಳು ಪಸಂದಾಯ್ತಾ?" ಎಂದು ಎದ್ದು ನಿಂತೆ. ಬಾಡಿನ ಸೌಟನ್ನು ತುಂಬಾ ತುಂಬಿ ನನ್ನ ತಟ್ಟೆಯ ಮೇಲೆಯೇ ಹಿಡಿದೆ. "ನಂಗೂ ಬಾಯದೆ. ನಂಗೂ ಆ ಮಾತು ಬತ್ತದೆ. ನೀವು ಬುಟ್ಟಿದ್ದು ನಂಗ್ಯಾಕೆ ಬೇಕು? ನಾನೂ ಅಂದ್ಬುಡ್ತೀನಿ, ಸಾ..."

ಅವರು ಹೇಗೆ ಎದ್ದರೋ, ಹೇಗೆ ಹಾರಿದರೋ, ಎಂಜಲು ಕೈಯಿಂದಲೇ ನನ್ನ ಬಾಯಿ ಮುಚ್ಚಿದರು. ನನ್ನ ತುಟಿಯ ಮೇಲೆಲ್ಲ ರಾಗಿ. ಸೌಟು ಬಿದ್ದು ಉರುಳಿತು. "ಬ್ಯಾಡ ಕಣೆ, ಬ್ಯಾಡ. ನೀನಾದ್ರೂ ತಿನ್ನು" ಎಂದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ನನ್ನ ಕಡೆ ನೋಡದೆ, ಸುರಿದ ಸಾರಿನ ಕಡೆ ನೋಡಿಕೊಂಡು ಹೇಳಿದರು.

"ನಮ್ ದೊಡ್ಡಪ್ಪನ ಮಗ ಸೋಮಣ್ಣ ಇದ್ನಲ್ಲ, ಗಂಡ ಹೆಂಡ್ತಿ ಇಬ್ರೂ ಹೋಗ್ಬುಟ್ರಲ್ಲ, ಅವರ ಮಗ ಒಂದದೆ, ಹೆಣ್ಮಗ. ಪಾರಿ ಅಂತ. ಇವರ ಮನೆಯಿಂದ ಅವರ ಮನೆಗೆ, ಅವರ ಮನೆಯಿಂದ ಇವರ ಮನೆಗೆ ತಳ್ತಾ ಅವ್ರೆ. ಟಾರ್ಪಾಲು ಕೊಡಕ್ಕೋದಾಗ ನೋಡ್ದೆ. ಅಂಗಡಿ ಜಗಲಿ ಮೇಲೆ ಕೂತು ಬನ್ನು ತಿಂತಿತ್ತು. ಅರ್ಧ ತಿಂದು ಇನ್ನರ್ಧ ಲಂಗದ ತುದೀಲಿ ಗಂಟಾಕಂತು, ನಾಳೀಕೆ ಅಂತ. ನನ್ ಹೊಟ್ಟೆ ಉರ್ದೋಯ್ತು. ನಿಂಗೆ ಹೇಳಾದು ಹೆಂಗೆ? ಆ ಮಾತ ಬುಟ್ಟು ಎಷ್ಟೊರ್ಷ ಆಗದೆ. ಭಾನುವಾರ ನೀನು ನಗ್ತಾ ಬಡಿಸ್ತಿದ್ದೆ, ಈಗ ಅಂದ್ಬುಡನ ಅನ್ಕಂಡೆ. ಸಾಕುಮಗಳು ಅನ್ನಕ್ಕೋದೆ ಕಣೆ. ಸಾಕು ಆಚೆ ಬಂತು. ನಿನ್ ಮುಖ ನೋಡ್ದೆ. ಮಗಳು ಗಂಟ್ಲಲ್ಲೇ ನಿಂತ್ಕತು."

ನಾನು ಬಾಯಿ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದೆ. "ಆಮೇಲಾದ್ರೂ ಹೇಳ್ಬಾರ್ದಾ?" ಎಂದೆ.

"ಬಾಡು ಕಳ್ಕಂಡಿದ್ದೆ. ಆ ಮಾತೆತ್ತಿ ನಿನ್ನೂ ಕಳ್ಕಬೇಕಾ ಅಂತ ದಿಗಿಲಾಯ್ತು."

ಮೂಲೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದ ಅತ್ತೆ ಬಾಯಲ್ಲಿದ್ದ ಮೂಳೆ ತೆಗೆದರು. "ಅಯ್ಯೋ ದಡ್ಡಮುಂಡೇದೆ! 'ಒಂದು ಮಗೀನ ತಂದು ಸಾಕನ ಕಣೆ' ಅಂತ ತಿರುಗ್ಸಿ ಅಂದಿದ್ರೆ ನಿನ್ ಬಾಡು ನಿನ್ ತಟ್ಟೇಲಿರ್ತಿತ್ತು! ಮಾತಾಡಕ್ ಬರ್ದೋನ್ಗೆ ನಾನೆಂಗೆ ತಾಯಾದ್ನೋ!" ಎಂದು ಮತ್ತೆ ಮೂಳೆ ಬಾಯಿಗಿಟ್ಟುಕೊಂಡರು. ನನಗೆ ನಗು ಬಂತು, ನಗುತ್ತಿದ್ದ ಹಾಗೆ ಅಳು ಬಂತು. ನಗುವೋ ಅಳುವೋ ಸರಿಯಾಗಿ ಹೇಳಲಾರೆ. ಅಟ್ಟದ ಮೇಲಿಟ್ಟ ಮಾತನ್ನು ಅವರೊಬ್ಬರೇ ಇಳಿಸಿ, ಧೂಳು ಒರೆಸಿ, ಇಷ್ಟು ದಿನ ಎದೆಗವುಚಿಕೊಂಡು ಓಡಾಡುತ್ತಿದ್ದರಲ್ಲ, ನನಗೆ ಗೊತ್ತೇ ಆಗಲಿಲ್ಲವಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ.

ಪಾರಿ ಬಂದಳು. ಎಂಟು ವರ್ಷದ್ದಿರಬಹುದು, ಎಣ್ಣೆ ಕಾಣದ ಕೂದಲು, ಮೊಣಕಾಲಿನ ಕೆಳಗೆ ಬಾರದ ಲಂಗ, ಕೈಯಲ್ಲಿ ಒಂದು ಚೀಲ. ಚೀಲವನ್ನು ಗೂಟಕ್ಕೆ ನೇತುಹಾಕಿದಳೇ ಹೊರತು ಬಿಚ್ಚಿ ಬಟ್ಟೆ ತೆಗೆದಿಡಲಿಲ್ಲ. ಬೇಕಾದಾಗ ಕೈಹಾಕಿ ತೆಗೆದುಕೊಂಡು ಮತ್ತೆ ಅದರಲ್ಲೇ ತುರುಕುತ್ತಿದ್ದಳು. ಸೌಟಿನ ವಿಷಯವನ್ನು ಬಸ್ಸಿನಲ್ಲೇ ಕಂಡಕ್ಟರು ಹೇಳಿದ್ದ, ಮನೆಯಲ್ಲಿ ಅತ್ತೆ ಹೇಳಿದರು, ಬೀದಿಯ ಮಕ್ಕಳು ಹಾಡು ಕಟ್ಟಿ ಹೇಳಿದವು. ಪಾಪ, ಅದಕ್ಕೆ ಎಷ್ಟು ಹೆದರಿಕೊಂಡಳೆಂದರೆ ತುಂಬ್ತು ಎನ್ನುವುದಕ್ಕೂ ಬಾಯಿ ಬಿಡದೆ, ಹಾಕಿದ್ದನ್ನೆಲ್ಲ ತಿಂದು ಹೊಟ್ಟೆ ನೋಯಿಸಿಕೊಂಡು ಮಲಗುತ್ತಿದ್ದಳು.

ನಮ್ಮನ್ನು ಏನೆಂದೂ ಕರೆಯುತ್ತಿರಲಿಲ್ಲ. ನೀರು ಬೇಕಾದರೆ ಹತ್ತಿರ ಬಂದು ನಿಲ್ಲುವಳು. ದೂರದಲ್ಲಿದ್ದರೆ "ಇಲ್ಲಿ ನೋಡಿ" ಅನ್ನುವಳು. ನನಗೋ ಆಸೆ ಸುಡುತ್ತಿತ್ತು. ಒಂದು ದಿನ ತಲೆಗೆ ಎಣ್ಣೆ ಹಚ್ಚುತ್ತಾ, "ನನ್ನ ಏನಂತ ಕರೀತೀಯವ್ವ?" ಎಂದು ಕೇಳಿಬಿಟ್ಟೆ. ಅವಳು ಲಂಗದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಎಲ್ಲಾರ್ ಮನೇಲೂ ಅಮ್ಮ ಅನ್ನು ಅಂತಿದ್ರು. ಅಂತಿದ್ದೆ. ಆಮೇಲೆ ಬಸ್ ಹತ್ತುಸ್ತಿದ್ರು" ಅಂದಳು. ಅತ್ತೆ ಒಳಗಿಂದ ನನಗೆ ಕಣ್ಣು ಬಿಟ್ಟರು. ನಾನು ಮತ್ತೆ ಕೇಳಲಿಲ್ಲ. ಕೇಳದೆ ಇರುವುದನ್ನು ಕಲಿಯುವುದು ಸೊಪ್ಪಿನ ಅಡುಗೆ ಕಲಿತದ್ದಕ್ಕಿಂತ ಕಷ್ಟವಾಯಿತು. ಬೀದಿಯಲ್ಲಿ ಯಾರ ಮಗುವೋ ಯಾರನ್ನೋ ಅಮ್ಮ ಎಂದು ಕೂಗಿದರೆ, ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತಿತ್ತು.

ಆದರೆ ಬಾಡು ತಿನ್ನುವ ಅಂದವೇ ಅಂದ! ಮೊದಮೊದಲು ಹೆದರಿ ಹೆದರಿ ತಿನ್ನುತ್ತಿದ್ದವಳು, ಬರುಬರುತ್ತಾ ಮೂಗು ಒರೆಸಿಕೊಂಡು, ಮೊಣಕೈವರೆಗೆ ಸಾರು ಇಳಿಸಿಕೊಂಡು ತಿನ್ನತೊಡಗಿದಳು. ಯಜಮಾನರು ತಮ್ಮ ಉಪ್ಪೆಸರಿನ ತಟ್ಟೆ ಬದಿಗಿಟ್ಟು ಅವಳಿಗೆ ಮೂಳೆ ಕುಟ್ಟಿಕೊಡುವರು. ಅವಳು ಕಣ್ಣು ಮುಚ್ಚಿ ಹೀರುವಳು. ಅವರು ಅವಳ ಬಾಯನ್ನೇ ನೋಡುತ್ತಾ ತಾವೂ ಒಂದು ಸಲ ಉಗುಳು ನುಂಗುವರು. "ಹೆಂಗದೆ?" ಎಂದು ಕೇಳುವರು. ಅವಳು ತಲೆ ಅಲ್ಲಾಡಿಸುವಳು. ಅವರ ಬಾಯಿಗೆ ತಪ್ಪಿದ್ದು ಈ ಬಾಯಿಗೆ ದಕ್ಕಿತು ಎಂದು ನಾನು ಒಲೆಯ ಮುಂದೆ ಕೂತು ಸಮಾಧಾನ ಮಾಡಿಕೊಂಡಿದ್ದೆ.

ಆ ಭಾನುವಾರ ಒಳ್ಳೆಯ ಎಳೆ ಮಾಂಸ ಸಿಕ್ಕಿತ್ತು. ಕಾಯಿ ಮುಂದಾಗಿ ಹಾಕಿ ಮಾಡಿದ್ದೆ. ಪಾರಿ ಒಂದು ಸಲ ಬಡಿಸಿಕೊಂಡಳು, ಎರಡು ಸಲ ಬಡಿಸಿಕೊಂಡಳು. ನಾನು ಆಸೆಬುರುಕಿ, ಮತ್ತೆ ಸೌಟು ತಂದೆ. ಅವಳು ಎರಡು ಕೈ ಅಡ್ಡ ಹಿಡಿದಳು. ನಾನು ಎಡಗಡೆಯಿಂದ ಬಂದೆ, ಅವಳು ಎಡಕ್ಕೆ ವಾಲಿದಳು. ಬಲಗಡೆಯಿಂದ ಬಂದೆ, ಬಲಕ್ಕೆ ವಾಲಿದಳು. ಯಜಮಾನರು ನಗತೊಡಗಿದರು. ಅವಳೂ ನಗತೊಡಗಿದಳು. ನಮ್ಮ ಮನೆಯಲ್ಲಿ ಅವಳು ಹಲ್ಲು ಬಿಟ್ಟು ನಕ್ಕದ್ದು ಅದೇ ಮೊದಲು. ನಾನು ಬೆರಳ ಸಂದಿಯಲ್ಲೇ ಒಂದು ತುಂಡು ಜಾರಿಸಿದೆ. ಅವಳು ನಗುತ್ತಾ ನಗುತ್ತಾ, ತಲೆ ಹಿಂದಕ್ಕೆ ಹಾಕಿ, "ಸಾಕಮ್ಮಾ!" ಅಂದಳು.

ಯಜಮಾನರ ತುತ್ತು ಬಾಯಿಯ ಹತ್ತಿರ ನಿಂತಿತು. ಅತ್ತೆ ಹಣೆಹಣೆ ಚಚ್ಚಿಕೊಂಡು, "ಹೋಯ್ತಲ್ಲೋ, ಮಗೀಗೂ ಹೋಯ್ತಲ್ಲೋ" ಎಂದರು. ಪಾರಿಗೆ ಆಗ ಅರಿವಾಯಿತು. ಬೆರಳಿನಲ್ಲಿದ್ದ ತುಂಡನ್ನು ಮೆಲ್ಲಗೆ ಬಾಯಿಗಿಟ್ಟು ಅಗಿದು ನೋಡಿದಳು. ಅವಳ ಮುಖದಿಂದ ನಗು ಇಳಿದುಹೋಯಿತು. ಎದ್ದು ನಿಂತಳು. ಕೈ ತೊಳೆಯಲಿಲ್ಲ. ಗೂಟದಲ್ಲಿದ್ದ ಚೀಲದ ಕಡೆ ನೋಡಿದಳು, ಆಮೇಲೆ ಬಾಗಿಲ ಕಡೆ ನೋಡಿದಳು. "ಗೊತ್ತಾಗ್ನಿಲ್ಲ. ಇನ್ಮೇಲೆ ಅನ್ನಲ್ಲ" ಎಂದು ಪಿಸುಗುಟ್ಟಿದಳು.

ನಾನು ಸೌಟು ಹಿಡಿದುಕೊಂಡೇ ಇದ್ದೆ. ಅದರಲ್ಲಿದ್ದ ಬಿಸಿ ಸಾರು ನನ್ನ ಪಾದದ ಮೇಲೆ ಸುರಿಯುತ್ತಿತ್ತು. ಸುಟ್ಟದ್ದು ಆಮೇಲೆ ಗೊತ್ತಾಯಿತು. ಆ ಮಗುವಿಗೆ ಬಾಡು ಹೋಯಿತು ಎಂದು ನನಗೆ ದುಃಖವಾಗಬೇಕಿತ್ತು. ನನ್ನ ಕೈಯ ಸಾರು ಇನ್ನು ಆ ಬಾಯಿಗೂ ಇಲ್ಲ, ಭಾನುವಾರ ನಾನೂ ಅತ್ತೆಯೂ ಎದುರುಬದರು ಕೂತು ಮೂಳೆ ಕುಟ್ಟಬೇಕು ಎಂದೆಲ್ಲ ತೋಚಬೇಕಿತ್ತು. ಏನೂ ತೋಚಲಿಲ್ಲ. ಮೈಯೆಲ್ಲ ಕಿವಿಯಾಗಿ ನಿಂತಿದ್ದೆ.

"ಏನಂದ್ಯವ್ವ?" ಎಂದೆ.

"ಇನ್ಮೇಲೆ ಅನ್ನಲ್ಲ."

"ಅದಲ್ಲ. ಆಗ ಅಂದ್ಯಲ್ಲ, ಅದು. ಇನ್ನೊಂದ್ಸಲ ಅನ್ನು."

ಅವಳು ಯಜಮಾನರ ಮುಖ ನೋಡಿದಳು. ಅವರ ಕಣ್ಣು ತುಂಬಿತ್ತು, ಅವರಿಗೆ ಆಗಲೇ ತಿಳಿದಿತ್ತು. "ಅನ್ನವ್ವ, ಅನ್ನು" ಎಂದರು. ಪಾರಿ ನನ್ನ ಸೌಟನ್ನು ನೋಡಿದಳು, ಅದು ಯಾವ ತಟ್ಟೆಯ ಮೇಲಿದೆ ಎಂದು ನೋಡಿದಳು. ಇನ್ನೇನು ಹೋಗಿಬಿಡುತ್ತದೋ ಎಂಬ ಭಯ ಅವಳಿಗೆ. ತುಟಿ ಒದ್ದೆ ಮಾಡಿಕೊಂಡಳು. ಕಷ್ಟ ತಂದ ಎರಡು ಅಕ್ಷರವನ್ನು ಜೋಪಾನವಾಗಿ ಬಿಟ್ಟು, ಉಳಿದದ್ದನ್ನು ಮಾತ್ರ ಅಂದಳು.

"ಅಮ್ಮ."